ಎರಡನೆಯ ಮೈಕು

"ಮೈಕು ಒಂದು ಸಾಕಾ, ಎರಡು ಬೇಕಾ?"

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ನವ್ಯಾ ತರಕಾರಿ ತರಲು ಹೋಗಿದ್ದಳು. ಬುಕಿತ್ ಬಾಟೋಕಿನ ನಮ್ಮ ಫ್ಲಾಟಿನ ಚಿಕ್ಕ ಕೋಣೆಯಲ್ಲಿ, ಲ್ಯಾಪ್‌ಟಾಪಿನ ಎದುರು ಕೂತು ನಾನೇ ಗಟ್ಟಿಯಾಗಿ ಕೇಳಿದ್ದೆ. ತೆರೆಯ ಮೇಲೆ ಎರಡು ಆಡಿಯೋ ಇಂಟರ್‌ಫೇಸುಗಳ ಚಿತ್ರವಿತ್ತು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ ಅದು. ಒಂದಕ್ಕೆ ಒಂದೇ ಮೈಕು ಸಿಕ್ಕಿಸಬಹುದು, ಇನ್ನೊಂದಕ್ಕೆ ಎರಡು.

ಗಮಕಕ್ಕೆ ಇಬ್ಬರು ಬೇಕೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ. ಇನ್ನೊಬ್ಬರು ಅದನ್ನು ಕೇಳಿ ಅರ್ಥ ಬಿಡಿಸುತ್ತಾರೆ. ಓದುವವರು ಯಾವ ಮಾತಿನ ಮೇಲೆ ನಿಂತರೋ ಅಲ್ಲಿಂದಲೇ ಅರ್ಥ ಶುರುವಾಗಬೇಕು. ಅದೇ ಪದ್ಯವನ್ನು ನಾಳೆ ಬೇರೆ ಮಾತಿನ ಮೇಲೆ ನಿಂತು ಓದಿದರೆ ಅರ್ಥವೂ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಮೈಸೂರಿನಲ್ಲಿ ನಮ್ಮ ಬೀದಿಯ ರಾಮಮಂದಿರದಲ್ಲಿ, ಅಪ್ಪನ ತೊಡೆಯ ಮೇಲೆ ಕೂತು, ಅಕ್ಷರ ಕಲಿಯುವುದಕ್ಕೂ ಮೊದಲೇ ನಾನು ಕೇಳಿ ಬೆಳೆದದ್ದು ಇದನ್ನೇ. ಕೈಮುಗಿದು ಕೂತು ಕೇಳುವುದು ಬಿಟ್ಟರೆ ಬೇರೆ ಪೂಜೆ ನನಗೆ ಸರಿಯಾಗಿ ಬರುವುದಿಲ್ಲ.

ಈ ಪರದೇಶಕ್ಕೆ ಬಂದ ಮೇಲೆ ಅದು ಮತ್ತೆ ಸಿಕ್ಕಿದ್ದು ಕಾಮಾಕ್ಷಿ ಆಂಟಿ ಮತ್ತು ಅವರ ಅಣ್ಣ ನಾಗೇಶ ಅಂಕಲ್ ಅವರಿಂದ. ಅವರ ತಂದೆ ಮಗಳಿಗೆ ಪದ್ಯ, ಮಗನಿಗೆ ಅರ್ಥ ಎಂದು ವಿದ್ಯೆಯನ್ನು ಹಂಚಿ ಕಲಿಸಿದ್ದರಂತೆ. ಅಂಕಲ್‌ಗೆ ಬ್ಯೂನಾ ವಿಸ್ಟಾದ ಲ್ಯಾಬೊಂದರಲ್ಲಿ ಕೆಲಸ, ಆಂಟಿಯ ಮನೆ ನಮ್ಮ ಪಕ್ಕದ ಬ್ಲಾಕಿನಲ್ಲಿ. ತಿಂಗಳಿಗೊಂದು ಶನಿವಾರ ಸಂಜೆ ಆ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಎಂದರೆ ಕಟ್ಟಡದಡಿಯ ತೆರೆದ ಹಜಾರದಲ್ಲಿ, ಜಮಖಾನೆ ಹಾಸಿ ಹತ್ತು ಹದಿನೈದು ಜನ ಕೂರುತ್ತಿದ್ದೆವು.

ಎರಡು ವರ್ಷದ ಹಿಂದೆ ಅಂಕಲ್ ಬರುವುದನ್ನು ನಿಲ್ಲಿಸಿದರು. ನಾವು ಅಲ್ಲಿ ಇಡುತ್ತಿದ್ದ ಸ್ಪೀಕರಿನಲ್ಲಿ ಸೌಂಡ್ ಸರಿಯಿಲ್ಲ, ಅಂಥದ್ದರಲ್ಲಿ ಕೂತು ಅರ್ಥ ಹೇಳುವುದು ಕಾವ್ಯಕ್ಕೆ ಮಾಡುವ ಅಪಚಾರ ಎಂದರು. ನಾವೆಲ್ಲ ನಂಬಿದೆವು. ನಂಬದಿರಲು ಕಾರಣವೂ ಇರಲಿಲ್ಲ. ಒಂದು ಕಡೆ ಫ್ಯಾನುಗಳ ಗೊರಗೊರ, ಇನ್ನೊಂದು ಕಡೆ ಮಕ್ಕಳ ಚೆಂಡು, ನಡುನಡುವೆ ಮೇಲೆ ಹಾದುಹೋಗುವ ಎಂಆರ್‌ಟಿ ರೈಲು.

ಅಣ್ಣ ನಿಲ್ಲಿಸಿದ ಮೇಲೆ ಆಂಟಿಯೂ ಓದಲಿಲ್ಲ. ಒಬ್ಬರೇ ಓದಿ ಎಂದು ನಾನು ಕೇಳಿಕೊಂಡಾಗ ಅವರು ನಕ್ಕು, "ಒಬ್ಬಳೇ ಓದ್ಕೊಂಡು ಹೋದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗಲ್ಲ ಕಣೋ" ಎಂದಿದ್ದರು.

ಈಗ ಅವರ ಯಜಮಾನರು ರಿಟೈರ್ ಆಗಿದ್ದರು. ಇನ್ನು ಮೂರು ವಾರಕ್ಕೆ ಗಂಡ ಹೆಂಡತಿ ಸಾಮಾನು ಸಮೇತ ಮೈಸೂರಿಗೆ ಹೊರಡುವವರು. ಅಷ್ಟರೊಳಗೆ ಕಾವ್ಯದ ಒಂದು ಸಂಧಿಯನ್ನಾದರೂ ಇಬ್ಬರ ದನಿಯಲ್ಲಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಆಸೆ ಎಂಬ ಮಾತು ಚಿಕ್ಕದಾಯಿತು. ಆಫೀಸಿನ ಮೀಟಿಂಗುಗಳಲ್ಲಿ ಕೂತಾಗಲೂ, ಪದ್ಯ ಮುಗಿದು ಅರ್ಥ ಶುರುವಾಗುವ ಮುಂಚಿನ ಆ ಒಂದು ಗಳಿಗೆಯ ಮೌನಕ್ಕೆ ನನ್ನ ಕಿವಿ ಕಾಯುತ್ತಿತ್ತು.

ಕಾರಣ ಸೌಂಡ್ ತಾನೇ? ಸರಿ, ಸೌಂಡನ್ನೇ ಸರಿಮಾಡೋಣ ಎಂದುಕೊಂಡೆ. ರಾತ್ರಿಗಟ್ಟಲೆ ಓದಿದೆ. ಮನೆಯ ಸ್ಪೀಕರು ಹಾಡನ್ನು ಚಂದ ಮಾಡಿ ಕೊಡುತ್ತದೆ, ಸ್ಟುಡಿಯೋ ಮಾನಿಟರ್ ಎಂಬ ಜಾತಿಯ ಸ್ಪೀಕರು ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ ಎಂದು ತಿಳಿದುಕೊಂಡೆ. ಗೋಡೆಗೆ ರಜಾಯಿ ತೂಗುಹಾಕಿದೆ. ನಡುಕೋಣೆಯಲ್ಲಿ ನಿಂತು ಚಪ್ಪಾಳೆ ತಟ್ಟಿ, ಮಾರ್ದನಿ ಬರುತ್ತದೋ ಎಂದು ಆಲಿಸಿದೆ. ನೀವು ಹೆಣ್ಣು ನೋಡುವಾಗ ಇಷ್ಟೊಂದು ಕಂಪೇರ್ ಮಾಡಿದ್ದಿರಾ ಎಂದು ನವ್ಯಾ ಕೇಳಿದಳು. ಇಲ್ಲ ಎಂದರೂ ತಪ್ಪು, ಹೌದು ಎಂದರೂ ತಪ್ಪು. ಇನ್ನೊಂದು ಚಪ್ಪಾಳೆ ತಟ್ಟಿದೆ.

ಆಮೇಲೆ ಅಂಕಲ್‌ಗೆ ಫೋನ್ ಮಾಡಿ, ಸ್ಪೀಕರನ್ನು ನೀವೇ ಬಂದು ಆರಿಸಿಕೊಡಿ, ನಿಮಗೆ ಒಪ್ಪಿಗೆಯಾದದ್ದನ್ನೇ ಕೊಳ್ಳುತ್ತೇನೆ ಎಂದೆ. ಎರಡು ಸಲ ಏನೋ ನೆಪ ಹೇಳಿದರು. ಮೂರನೆಯ ಸಲ ಆಂಟಿಯೇ ಮಾತಾಡಿ ಒಪ್ಪಿಸಿದರು.

ಭಾನುವಾರ ಬೆಳಿಗ್ಗೆ ಮೂವರೂ ಕಲ್ಲಾಂಗ್‌ಗೆ ಹೋದೆವು. ವರ್ಕ್‌ಶಾಪುಗಳೇ ತುಂಬಿದ್ದ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಅಂಗಡಿ. ಹಿಂಭಾಗದಲ್ಲಿ ಕೇಳಿ ನೋಡುವುದಕ್ಕೆಂದೇ ಒಂದು ಕೋಣೆಯಿತ್ತು. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳುವಂಥದ್ದು. ಯಾವ ಥರದ ಮ್ಯೂಸಿಕ್ ಎಂದು ಅಂಗಡಿಯಾತ ವಿಚಾರಿಸಿದ. ಹಳೆಯ ಕಾವ್ಯ, ವಾದ್ಯವಿಲ್ಲ, ಬರೀ ದನಿ ಎಂದೆ. "ಓ, ಪೊಯೆಟ್ರಿ ಆ?" ಎಂದವನು ಅಷ್ಟಕ್ಕೇ ಮೆತ್ತಗಾದ. ಚಿಕ್ಕ ಕೋಣೆಗೆ ಐದಿಂಚಿನವೇ ಸಾಕು, ದೊಡ್ಡವಿಟ್ಟರೆ ಮೂಲೆಯಲ್ಲಿ ಗುಂಯ್‌ಗುಟ್ಟುತ್ತವೆ ಎಂದ. ಮೂರು ಜೋಡಿ ಮಾನಿಟರುಗಳನ್ನು ಸಾಲಾಗಿಟ್ಟು, ಒಂದರಿಂದ ಇನ್ನೊಂದಕ್ಕೆ ಬದಲಿಸುವ ಗುಂಡಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದ.

ನನ್ನ ಫೋನಿನಲ್ಲಿ ವಾಯ್ಡ್ ಡೆಕ್ಕಿನ ಕೊನೆಯ ಶನಿವಾರದ ರೆಕಾರ್ಡಿಂಗ್ ಇತ್ತು. ಎರಡು ವರ್ಷದಲ್ಲಿ ಅದನ್ನು ನೂರು ಸಲವಾದರೂ ಕೇಳಿದ್ದೆ. ಅದನ್ನೇ ಹಾಕಿದೆ.

ಮೊದಲ ಜೋಡಿಯಲ್ಲಿ ಆಂಟಿಯ ದನಿ ದೂರದಲ್ಲಿತ್ತು. ಎರಡನೆಯದರಲ್ಲಿ ಫ್ಯಾನಿನ ಸದ್ದೇ ಮುಂದು. ಮೂರನೆಯದಕ್ಕೆ ಬದಲಿಸಿದಾಗ ಮೈ ಜುಮ್ಮೆಂದಿತು. ನಾಲಿಗೆ ಅಂಗುಳಕ್ಕೆ ತಾಗುವುದು, ರಾಗ ಎಳೆಯುವ ಮುಂಚೆ ಅವರು ಕದ್ದು ತೆಗೆದುಕೊಳ್ಳುವ ಉಸಿರು, ಜಮಖಾನೆಯ ಮೇಲೆ ಯಾರದೋ ಬಳೆ, ಎಲ್ಲವೂ ಅಲ್ಲೇ ಇತ್ತು. ಕಣ್ಣು ಮುಚ್ಚಿದೆ. ಆ ಶನಿವಾರವೇ ಬಂದು ನನ್ನ ಪಕ್ಕದಲ್ಲಿ ಕೂತ ಹಾಗಾಯಿತು.

ಪದ್ಯ ಮುಗಿಯಿತು. ರೆಕಾರ್ಡಿಂಗಿನಲ್ಲಿ ಅಂಕಲ್‌ನ ದನಿ ಬರುವ ಮೊದಲೇ ನಿಲ್ಲಿಸಿದೆ. ಇಂದಿನ ಅರ್ಥವನ್ನು ಅವರ ಬಾಯಿಂದಲೇ ಕೇಳುವ ದುರಾಸೆ. ತಿರುಗಿ ನೋಡಿದೆ.

ನಾಗೇಶ ಅಂಕಲ್ ಮಾನಿಟರುಗಳ ಕಡೆ ನೋಡುತ್ತಿರಲಿಲ್ಲ. ತಂಗಿಯ ತುಟಿಗಳನ್ನು ನೋಡುತ್ತಿದ್ದರು. ಆಂಟಿಯ ಬಾಯಿ ಮುಚ್ಚಿತ್ತು.

ಯಾವುದು ಚೆನ್ನಾಗಿದೆ ಎಂದು ಕೇಳಿದೆ. ಮೂರೂ ಒಂದೇ ಥರ ಇವೆ, ಕಮ್ಮಿ ಬೆಲೆಯದ್ದನ್ನೇ ತಗೋ ಎಂದರು. ಆಂಟಿಯೂ ಅವರನ್ನೇ ಗಮನಿಸುತ್ತಿದ್ದರೆಂದು ಕಾಣುತ್ತದೆ. ಕುರ್ಚಿಯನ್ನು ಅಣ್ಣನ ಎದುರಿಗೆ ಎಳೆದುಕೊಂಡು ಕೂತರು.

"ಅಣ್ಣಯ್ಯ, ಈಗ ಕೇಳಿದ್ಯಲ್ಲ, ನಾನು ಎಲ್ಲಿ ನಿಂತೆ?"

ಅಂಕಲ್ ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸುವವರಂತೆ ಪ್ಯಾಂಟಿಗೆ ಒರೆಸಿದರು. ಮತ್ತೆ ಹಾಕಿಕೊಂಡರು.

"ಕಿವಿಗೆ ರಾಗ ಬರುತ್ತೆ ಕಾಮಾಕ್ಷಿ. ಅಕ್ಷರ ಬರಲ್ಲ. ಮೂರು ವರ್ಷ ಆಯ್ತು."

ಆಮೇಲೆ ಒಂದೊಂದಾಗಿ ಹೇಳಿದರು. ಡಾಕ್ಟರಿಗೆ ತೋರಿಸಿದ್ದರಂತೆ. ಕಿವಿಗೆ ಮೆಷಿನ್ ಹಾಕಿ ನೋಡಿದ್ದರಂತೆ. ಆಫೀಸಿನ ಮಾತಿಗೆ ಅದು ಸಾಕಾಗುತ್ತಿತ್ತು, ತಂಗಿ ರಾಗ ಎಳೆದ ತಕ್ಷಣ ಮಾತ್ರ ತಗಡು ಬಡಿದಂತಾಗುತ್ತಿತ್ತು. ಒಂದು ವರ್ಷ ಅವಳ ತುಟಿ ನೋಡಿಕೊಂಡೇ ಅರ್ಥ ಹೇಳಿದ್ದರು. ಕೊನೆಯ ಶನಿವಾರ ಈ ಪದ್ಯ ಬಂದಾಗ ಅವಳು ಯಾವಾಗಲೂ ನಿಲ್ಲುವ ಮಾತಿನ ಮೇಲೆ ನಿಂತಳೆಂದುಕೊಂಡು ಶುರುಮಾಡಿದರು. ಅವಳು ತಲೆಯೆತ್ತಿ ನೋಡಿದ ರೀತಿಯಿಂದಲೇ ತಿಳಿಯಿತು, ಅವತ್ತು ಅವಳು ನಿಂತದ್ದು ಬೇರೆ ಕಡೆ.

"ನಂಗೆ ಗೊತ್ತಾಗಿತ್ತು," ಎಂದರು ಆಂಟಿ. "ಸುಸ್ತಾಗಿದ್ದೀಯ ಅಂದ್ಕೊಂಡೆ."

"ನಿಂಗೆ ಗೊತ್ತಾಯ್ತು. ಬೇರೆ ಯಾರಿಗೂ ಇಲ್ಲ. ಎಲ್ಲರೂ ತಲೆದೂಗಿದ್ರು." ಅಂಕಲ್ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೂ ತೂಗಿದೆ, ಶ್ರೀಕಂಠ."

ಫೋನು ನನ್ನ ಕೈಯಲ್ಲೇ ಇತ್ತು. ನೂರು ಸಲ ಕೇಳಿದ್ದೆ, ನೂರು ಸಲವೂ ಅದೇ ಜಾಗದಲ್ಲಿ ತಲೆದೂಗಿದ್ದೆ. ತಲೆ ತಗ್ಗಿಸಿದೆ.

ಆಂಟಿ ಅಣ್ಣನ ಮಂಡಿಯ ಮೇಲೆ ಕೈಯಿಟ್ಟರು. ಅವರು ಯಾರಲ್ಲೂ ಏನನ್ನೂ ಬೇಡಿಕೊಂಡದ್ದನ್ನು ನಾನು ಕಂಡವನಲ್ಲ.

"ಒಂದೇ ಒಂದು ಸಂಧಿ, ಅಣ್ಣಯ್ಯ. ಇವನ ಮನೇಲಿ ಎದುರುಬದುರು ಕೂರೋಣ. ನಿಧಾನಕ್ಕೆ ಓದ್ತೀನಿ. ಎಲ್ಲೆಲ್ಲಿ ನಿಲ್ತೀನಿ ಅಂತ ಮೊದಲೇ ಪೆನ್ಸಿಲಲ್ಲಿ ಗುರುತು ಹಾಕಿ ಕೊಡ್ತೀನಿ. ನಿಂಗೆ ಅಷ್ಟೂ ಬಾಯಿಪಾಠ. ನಾನು ಹೋದ್ಮೇಲೆ ಇನ್ನೆಲ್ಲಿ ಆಗುತ್ತೆ?"

ನನಗೆ ತಡೆಯಲಾಗಲಿಲ್ಲ. ಕೇಳುವವರಿಗೆ ಗೊತ್ತೇ ಆಗೋದಿಲ್ಲ ಅಂಕಲ್ ಎಂದುಬಿಟ್ಟೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅವರು ತಂಗಿಯ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಒತ್ತಿ, ಅವಳ ಮಡಿಲಲ್ಲೇ ಇಟ್ಟರು.

"ಆಗಲ್ಲ ಕಾಮಾಕ್ಷಿ. ಕಿವಿಗೆ ಬೀಳದೆ ಇರೋ ಪದ್ಯಕ್ಕೆ ನಾನು ಅರ್ಥ ಹೇಳಲ್ಲ."