ಕಟ್ಟಿ ನಿಲ್ಲಿಸಿದ ದೋಣಿ

"ಲೇ ಕವಿತ, ಇನ್ನೊಂದು ಬಕೆಟ್ ತಗೊಂಬಾರೇ! ದೋಣಿ ಹೋಯ್ತದೆ ಕಣೇ!"

ಸಿದ್ದರಾಜು ದೋಣಿಯೊಳಗೆ ಮೊಣಕಾಲುಮಟ್ಟ ನೀರಲ್ಲಿ ನಿಂತು ಕೂಗುತ್ತಿದ್ದ. ಕವಿತ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದೋಣಿ ಕಟ್ಟುವ ಮರದ ಕಟ್ಟೆಯ ಹಲಗೆಗಳ ಮೇಲೆ ಓಡಿಬಂದಳು. ದೇವನಹಳ್ಳಿ ಕಡೆಯ ಆ ರೆಸಾರ್ಟಿನ ಕೆರೆಯಲ್ಲಿ ಅಡುಗೆಕಟ್ಟೆ, ಫ್ರಿಜ್ ಎಲ್ಲ ಇರುವ ದೊಡ್ಡ ದೋಣಿ ಅದೊಂದೇ. ಅದನ್ನು ಓಡಿಸುವುದು, ಕಾಯುವುದು ಸಿದ್ದರಾಜುವಿನ ಕೆಲಸ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಂತ ಮೇಲೆ ಊರೂರು ಅಲೆದು, ಕಂಡವರ ಕೈಕಾಲು ಹಿಡಿದು ಸಿಕ್ಕಿದ ಕೆಲಸ. ದೋಣಿ ಮುಳುಗಿದರೆ ಕೆಲಸವೂ ಮುಳುಗಿದ ಹಾಗೆಯೇ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿನ್ನೆ ಆಯುಧಪೂಜೆ. ಪೂಜೆಯಾದ ಯಂತ್ರವನ್ನು ಮರುದಿನ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಸಿದ್ದರಾಜು ಭಕ್ತಿಯಿಂದ ಇಂಜಿನ್ನಿಗೆ ಕುಂಬಳಕಾಯಿ ಒಡೆದು, ದಡದಿಂದ ದೋಣಿಗೆ ಬರುವ ಕರೆಂಟಿನ ವೈರನ್ನೂ ಕಿತ್ತು ಸುತ್ತಿಟ್ಟು ಅದಕ್ಕೂ ಕುಂಕುಮ ಹಚ್ಚಿದ್ದ. ದೋಣಿ ಹಳೆಯದು, ತಳದಲ್ಲಿ ಸದಾ ನೀರು ಜಿನುಗುತ್ತದೆ. ಆ ನೀರನ್ನು ಹೊರಗೆಸೆಯಲು ಒಂದು ಸಣ್ಣ ಪಂಪು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಕರೆಂಟಿಲ್ಲದಿದ್ದರೇನು, ಬ್ಯಾಟರಿ ಇದೆಯಲ್ಲ, ಪಂಪಿಗೆ ಧಾರಾಳ ಸಾಕು ಎಂದುಕೊಂಡಿದ್ದ. ಬೇರೇನೂ ಓಡದಿದ್ದರೆ ನಿಜಕ್ಕೂ ಸಾಕಾಗುತ್ತಿತ್ತು.

ಆದರೆ ಬೇರೆಯದೂ ಓಡಿತ್ತು. ಅದು ಕವಿತಳೊಬ್ಬಳಿಗೇ ಗೊತ್ತು.

ಇವತ್ತು ಮಧ್ಯಾಹ್ನ ಆವತಿಯಲ್ಲಿ ಅವಳ ತಂಗಿಗೆ ಹೂ ಮುಡಿಸುವ ಶಾಸ್ತ್ರ. ನಿನ್ನೆ ಕೂತು ಕಟ್ಟಿದ ಕನಕಾಂಬರ, ಮಲ್ಲಿಗೆ ಬಾಡಬಾರದಲ್ಲ? ಮನೆಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು! ರಾತ್ರಿ ಗಂಡ ಊಟಕ್ಕೆ ಕೂತಾಗ ಬೀಗದ ಕೈ ತೆಗೆದುಕೊಂಡು ಹೋಗಿ, ದೋಣಿಯ ಫ್ರಿಜ್ಜಿನಲ್ಲಿ ಹೂವಿನ ಬುಟ್ಟಿ ಇಟ್ಟು ಸ್ವಿಚ್ ಹಾಕಿ ಬಂದಿದ್ದಳು. ಪೂಜೆ ಮಾಡಿದ್ದನ್ನು ಮುಟ್ಟಿದೆಯಾ ಎಂದು ಬೈದಾನೆಂದು ಬಾಯಿ ಬಿಟ್ಟಿರಲಿಲ್ಲ. ಹಾಳಾದ ಫ್ರಿಜ್ ಬೆಳಗಾಗುವಷ್ಟರಲ್ಲಿ ಬ್ಯಾಟರಿಯನ್ನೆಲ್ಲ ಕುಡಿದುಬಿಟ್ಟಿತ್ತು, ಪಂಪು ನಿಂತಿತ್ತು.

ಸಿದ್ದರಾಜು ಮೊದಲು ವೈರ್ ಸಿಕ್ಕಿಸಿ ನೋಡಿದ್ದ. ಒಳಗಿನ ಬೋರ್ಡು ನೆನೆದು, ಟಪ್ಪೆಂದು ದಡದ ಮೇಲಿನ ಮೇನ್ ಸ್ವಿಚ್ಚೇ ಬಿದ್ದು ಕರೆಂಟು ಹೋಯಿತು. ಆಮೇಲೆ ಕೆರೆಯಾಚೆಯ ತೋಟದ ಮುನಿಶಾಮಪ್ಪನಿಗೆ ಫೋನ್ ಮಾಡಿ ಡೀಸೆಲ್ ಪಂಪ್ ಕೇಳಿದ.

"ಪೂಜೆ ಮಾಡಿ ಮಡಗಿದೀವಲ್ಲಪ್ಪ," ಎಂದ ಮುನಿಶಾಮಪ್ಪ. "ಮಂಗಳಾರತಿ ಆಗೋಗಂಟ ಮುಟ್ಟಿದ್ರೆ ನಮ್ಮವ್ವ ನನ್ನ ಸುಮ್ನೆ ಬಿಟ್ಟಾಳಾ? ಮಧ್ಯಾಹ್ನದ ಮೇಲೆ ಬಾ, ಕೊಡ್ತೀನಿ."

ತಾನೂ ಅದೇ ಶಾಸ್ತ್ರ ಮಾಡಿದವನು, ಯಾವ ಬಾಯಲ್ಲಿ ಜಗಳವಾಡಲಿ? ಫೋನಿಟ್ಟು ಬಕೆಟ್ ಹಿಡಿದಿದ್ದ.

ಈಗ ಇಬ್ಬರೂ ಎತ್ತಿ ಎತ್ತಿ ಚೆಲ್ಲಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೀರು ತೊಡೆಗೇರಿತು. ಅಯ್ಯೋ ದೇವರೇ, ನನ್ನ ಕೈ ಸೇದಿಹೋಗಬಾರದಿತ್ತೇ ಎಂದು ಕವಿತ ಒಳಗೊಳಗೇ ಬೆಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದವಳು ಮತ್ತೆ ಬಕೆಟ್ ಮುಳುಗಿಸಿದಳು.

ದೋಣಿ ಒಂದು ಮಗ್ಗುಲಿಗೆ ವಾಲಿತು. ಅಡುಗೆ ಕಟ್ಟೆಯ ಕೆಳಗಿದ್ದ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಕನಕಾಂಬರದ ಮಾಲೆಗಳು ಒಂದರ ಹಿಂದೊಂದು ತೇಲಿಬಂದವು. ಸಿದ್ದರಾಜು ಅವನ್ನು ನೋಡಿದ. ಹೆಂಡತಿಯನ್ನು ನೋಡಿದ.

"ಫ್ರಿಜ್ ಆನ್ ಮಾಡಿದ್ಯೇನೇ?"

"ಹೂಂ."

ಅವನು ಬೈಯಲಿಲ್ಲ. ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಬಗ್ಗಿ ಇನ್ನೊಂದು ಬಕೆಟ್ ನೀರೆತ್ತಿ ಚೆಲ್ಲಿದ.

ಮ್ಯಾನೇಜರ್ ಮೂರ್ತಿ ಬುಲೆಟ್ ನಿಲ್ಲಿಸಿ ಓಡಿಬಂದ. "ಏನಯ್ಯಾ ಇದು? ಪಂಪ್ ಏನಾಯ್ತಯ್ಯಾ?"

"ನಂದೇ ತಪ್ಪು ಸಾರ್. ಪೂಜೆ ಅಂತ ವೈರ್ ಕಿತ್ತಿದ್ದೆ. ಫ್ರಿಜ್ ಆಫ್ ಮಾಡೋದು ಮರ್ತುಬಿಟ್ಟೆ."

"ಮರ್ತುಬಿಟ್ಟೆ! ಓನರ್‌ಗೆ ಇದನ್ನೇ ಹೇಳ್ಲಾ? ಇವತ್ತೇ ಕೀ ಕೊಟ್ಟು ನಡಿ ನೀನು."

"ಅವ್ರು ಮರ್ತಿಲ್ಲ ಸಾರ್!" ಕವಿತಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾನೇ ಕದ್ದು ಬಂದು ಆನ್ ಮಾಡಿದ್ದು. ತಂಗಿ ಹೂವಿಗೆ. ಇವ್ರಿಗೆ ಗೊತ್ತೇ ಇರ್ಲಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಕೆಲಸ ತೆಗೀಬೇಡಿ."

ಮೂರ್ತಿ ಇಬ್ಬರನ್ನೂ ನೋಡಿದ. ಒಂದು ಗಳಿಗೆ ಅವನ ಮುಖವೂ ಸಡಿಲವಾಯಿತು. "ಮುಳುಗೋ ದೋಣಿಗೆ ಯಾರ ತಪ್ಪಾದ್ರೇನಮ್ಮ," ಎಂದ. "ನನ್ ಕೈಲಿ ಏನೈತೆ ಹೇಳು."

ಅಷ್ಟರಲ್ಲಿ ಕಟ್ಟೆ ಕಿರ್ರೆಂದಿತು. ದೋಣಿ ಕೆಳಗೆ ಜಗ್ಗುತ್ತಿದ್ದಂತೆ ಹಗ್ಗ ಬಿಗಿದು, ಹಲಗೆಗಳು ಒಂದೊಂದಾಗಿ ಏಳತೊಡಗಿದವು. ಅದೇ ಕಟ್ಟೆಗೆ ಪ್ರವಾಸಿಗಳ ಸಣ್ಣ ದೋಣಿಗಳನ್ನೂ ಕಟ್ಟಿತ್ತು.

"ಹತ್ತಿ ಬರ್ರಿ ಇಬ್ರೂವೆ! ಹಗ್ಗ ಬಿಚ್ಚು ಸಿದ್ದರಾಜು, ಇಲ್ಲಾಂದ್ರೆ ಎಲ್ಲಾನೂ ಎಳ್ಕೊಂಡು ಹೋಯ್ತದೆ!"

ಸಿದ್ದರಾಜು ಮೊದಲು ಹೆಂಡತಿಯ ರಟ್ಟೆ ಹಿಡಿದು ಮೇಲೆ ಹತ್ತಿಸಿದ. ಆಮೇಲೆ ತಾನು ಹತ್ತಿ ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತ. ಬಿಗಿದ ಗಂಟು ಸಡಿಲವಾಗಲಿಲ್ಲ. ಕವಿತ ಪಕ್ಕದಲ್ಲಿ ಕೂತು ತಾನೂ ಉಗುರು ಹಾಕಿದಳು. ಸತ್ತ ಹಸುವಿನ ಕಣ್ಣಿ ಬಿಚ್ಚುವವರ ಹಾಗೆ ಇಬ್ಬರೂ ತಲೆ ತಗ್ಗಿಸಿ ಬಿಚ್ಚಿದರು. ಹಗ್ಗ ಅವನ ಅಂಗೈಯಿಂದ ಸರಸರನೆ ಜಾರಿಹೋಯಿತು.

ದೋಣಿಯ ಮೇಲೆ ನೀರು ಮುಚ್ಚಿಕೊಂಡಿತು. ಮೂರ್ತಿ ಫೋನ್ ಕಿವಿಗಿಟ್ಟುಕೊಂಡು ದೂರ ಹೋದ. ಕವಿತ ಗಂಡನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಗ್ಗ ಸುಲಿದ ಜಾಗಕ್ಕೆ ಒದ್ದೆ ಸೆರಗು ಸುತ್ತತೊಡಗಿದಳು. ಅವನು ಕೈ ಕಿತ್ತುಕೊಳ್ಳಲಿಲ್ಲ.