ಎಂಟು ಮನೆಯಲ್ಲಿ ಒಂದೇ ವಾರ ಹಲ್ಲು

ಮನೆಮನೆಗೆ ಹೋಗಿ ಮಕ್ಕಳ ಆರೋಗ್ಯದ ಲೆಕ್ಕ ಬರೆಯುವ ಕಾರ್ಯಕರ್ತೆ ಆ ಓಣಿಯಲ್ಲಿ ಏಳನೇ ಬಾಗಿಲು ತಟ್ಟಿದಳು. ಆರು ಮನೆಯವರೂ "ಭೇದಿಯಾ? ಯಾರಿಗೂ ಇಲ್ಲಮ್ಮ" ಎಂದು ಸಾಗಹಾಕಿದ್ದರು. ಇದು ದರ್ಜಿಯ ಮನೆ. ಹೊಸಿಲಿಗೆ ಅಡ್ಡ ನಿಂತ ಅವನ ತಾಯಿಯೂ ಅದನ್ನೇ ಹೇಳಿದಳು.

"ಒಳಗೆ ಮಗು ನರಳ್ತಿದೆಯಲ್ಲ ಅಜ್ಜಿ?"

"ಮೊಮ್ಮಗಳು. ಹಲ್ಲು ಬರ್ತಿದೆ. ಅದಕ್ಕೇ ಸ್ವಲ್ಪ ನೀರುನೀರಾಗಿ ಹೋಗ್ತಾಳೆ."

"ಅಯ್ಯೋ, ಅದೇ ಭೇದಿ!"

"ಭೇದಿ ಬೇರೆ, ಹಲ್ಲು ಬೇರೆ. ಬರೀಬೇಡ. ಕೊಳಕು ಮನೆ ಅಂತ ಓಣಿಯೆಲ್ಲ ಆಡ್ಕೊಳ್ಳುತ್ತೆ."

ಅಷ್ಟರಲ್ಲಿ ಬಟ್ಟೆ ಒಗೆಯುವಾಕೆ ಗಂಟು ಹೊತ್ತು ಬಂದಳು. ಓಣಿಯ ಬಟ್ಟೆಯೆಲ್ಲ ಅವಳ ಕೈಗೇ ಬರುವುದು.

"ಏನಜ್ಜಿ, ನಿನ್ನೆಯಿಂದ ಹನ್ನೊಂದು ಲಂಗೋಟಿ! ನನ್ನ ರಟ್ಟೆ ಬಿದ್ದುಹೋಯ್ತು. ಈ ವಾರ ಎಂಟು ಮನೆದೂ ಇದೇ ಗೋಳು. ಕೇಳಿದ್ರೆ ಎಲ್ಲರದ್ದೂ ಹಲ್ಲಂತೆ. ಬಡಗಿ ಮಗನಿಗೆ ನಾಲ್ಕು ವರ್ಷ, ಅವನಿಗೂ ಹಲ್ಲಂತೆ!"

ಕಾರ್ಯಕರ್ತೆ ಹಣೆ ಚಚ್ಚಿಕೊಂಡಳು. "ಎಂಟು ಮನೆಗೂ ಹಲ್ಲು ಮಾತಾಡ್ಕೊಂಡು ಬಂತಾ? ಇದು ಒಬ್ಬರಿಂದ ಒಬ್ಬರಿಗೆ ಹಬ್ಬುವ ವೈರಸ್ ಅಜ್ಜಿ. ನನ್ನ ಪುಸ್ತಕದಲ್ಲಿ ಈ ಓಣಿಗೆ ಸೊನ್ನೆ ಇದೆ. ಸೊನ್ನೆ ನೋಡಿದೋರು ನೀರಲ್ಲಿ ಕಲಸಿ ಕುಡಿಸೋ ಓಆರ್‌ಎಸ್ ಪೊಟ್ಟಣ ಯಾಕೆ ಕಳಿಸ್ತಾರೆ? ಡಾಕ್ಟರು ಯಾಕೆ ಬರ್ತಾರೆ?"

ಸೊಸೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು, ಕತ್ತು ತೋಳಿನ ಮೇಲೆ ಜೋತುಬಿದ್ದಿತ್ತು.

"ಬೆಳಗ್ಗೆಯಿಂದ ಉಚ್ಚೆ ಹೊಯ್ದಿಲ್ಲ ಅಕ್ಕ. ನೀರು ಕೊಟ್ರೆ ಇನ್ನೂ ಹೋಗುತ್ತೆ ಅಂತ ಅತ್ತೆ ಬೇಡ ಅಂದ್ರು."

"ಹೋದ ನೀರು ವಾಪಸ್ ಕೊಡದಿದ್ರೆ ಮಗು ಉಳಿಯುತ್ತಾ? ನಡಿ ಆಸ್ಪತ್ರೆಗೆ, ಈಗಲೇ!"

ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೊರಟಳು. ಕಾರ್ಯಕರ್ತೆ ತನ್ನ ಚೀಲದಲ್ಲಿ ಉಳಿದಿದ್ದ ಒಂದೇ ಪೊಟ್ಟಣ ಕಲಸಿಕೊಟ್ಟಳು; ದಾರಿಯುದ್ದಕ್ಕೂ ಸೊಸೆ ಚಮಚದಿಂದ ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಆಸ್ಪತ್ರೆಯಲ್ಲಿ ನರಕ್ಕೆ ನೀರು ಏರಿಸಿದರು. ಮಲ ಪರೀಕ್ಷೆಯಲ್ಲಿ ರೋಟಾ ವೈರಸ್ ಎಂದು ಬಂತು. ಅದನ್ನು ತಡೆಯುವ ಲಸಿಕೆ, ರೋಟಾ ಹನಿ, ಮಗುವಿಗೆ ಹಾಕಿಸಿರಲಿಲ್ಲ. ಸಂಜೆ ಮಗು ಉಚ್ಚೆ ಹೊಯ್ದು ಅಜ್ಜಿಯ ಮಡಿಲು ನೆನೆಸಿತು. ಅಜ್ಜಿ ಒದ್ದೆ ಸೀರೆಯಲ್ಲೇ ಕೂತು ಅತ್ತಳು.

ಮರುದಿನ ಕಾರ್ಯಕರ್ತೆಗಿಂತ ಮುಂದೆ ನಿಂತು ಬಡಗಿಯ ಬಾಗಿಲು ಬಡಿದವಳು ಅಜ್ಜಿಯೇ. "ಏ, ಹಲ್ಲು ಗಿಲ್ಲು ಅನ್ನಬೇಡ. ಮೊದಲು ನನ್ನ ಮೊಮ್ಮಗಳ ಹೆಸರು ಬರ್ಸಿದ್ದೀನಿ. ಈಗ ನಿನ್ನ ಮಗನದು ಹೇಳು!"

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ನಿಮಗೆ ಎಷ್ಟು ಸಲ ಹೇಳಬೇಕು? ದಿನಕ್ಕೆ ಮೂರು ಸಲ ನೀರಾಗಿ ಹೋದರೆ ಅದು ಭೇದಿಯೇ. ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಕುಡಿಸಿ. ಮಗು ಸೊರಗಿದರೆ, ಉಚ್ಚೆ ನಿಂತರೆ ಆಸ್ಪತ್ರೆಗೆ ಓಡಿ. ಒಂದೂವರೆ ತಿಂಗಳಾದಾಗಲೇ ರೋಟಾ ಹನಿ ಶುರುಮಾಡಿಸಿ. ಬಾಗಿಲಿಗೆ ಬಂದು ಕೇಳಿದವಳಿಗೆ ನಿಜ ಹೇಳಿ. ನೀವು ಮುಚ್ಚಿಟ್ಟರೆ ಪಕ್ಕದ ಮನೆಯ ಕೂಸಿಗೂ ಔಷಧಿ ಬರುವುದಿಲ್ಲ.