ಸುವರ್ಣಾಳ ಲಾಗಿನ್

ಮಧ್ಯಾಹ್ನ ಎರಡಾದರೂ ಸುವರ್ಣಾ ಊಟದ ಡಬ್ಬಿ ಬಿಚ್ಚಿರಲಿಲ್ಲ. ಸಿಕಂದರಾಬಾದಿನಿಂದ ಎರಡು ಬಸ್ಸು ಬದಲಿಸಿ ಶಂಶಾಬಾದಿನ ಆಫೀಸಿಗೆ ಬಂದವಳು ಬೆಳಗಿನಿಂದ ಫೋನಿಗೇ ಅಂಟಿಕೊಂಡಿದ್ದಳು. ಈಗ ಬೀದರಿನ ಮಲ್ಲಣ್ಣ ಆ ಕಡೆಯಿಂದ ಕೂಗುತ್ತಿದ್ದ.

"ಅಕ್ಕಾರ, ನಮ್ಮಾಕಿ ಸುಂದರಾಬಾಯಿಗೆ ಇವತ್ತ ಡಯಾಲಿಸಿಸ್ ಇತ್ರಿ. ಬುಕ್ ಮಾಡಿ ಎಂಟು ದಿನ ಆತು. ಮುಂಜಾನೆ ಹೆಸರಽ ಇಲ್ಲ ಅಂದ್ರು, ಈಗ ಮಷೀನ್ ಖಾಲಿ ಇಲ್ಲ ಅಂತಾರ. ಕಾಲು ಬಾತಾವ, ದಮ್ಮು ಹತ್ತಾಕತ್ತೈತಿ."

"ಕಾಕಾ, ದವಾಖಾನಿಯವ್ರ ಕೂಡ ನಾನಽ ಮಾತಾಡತೀನಿ. ತಡೀರಿ."

ಆ ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದುದು ಇವರ ಕಂಪನಿ; ಬುಕಿಂಗ್ ತೊಂದರೆಯಾದರೆ ರೋಗಿಗಳ ಫೋನೂ ಇಲ್ಲಿಗೇ ಬರುತ್ತಿತ್ತು. ಮೊದಲೆಲ್ಲ ಪ್ರತಿ ಬದಲಾವಣೆಯನ್ನೂ ಕೈಯಾರೆ ಏರಿಸಬೇಕಿತ್ತು. ಒಂದು ಫೈಲು ಬಿಟ್ಟುಹೋದರೂ ಸೈಟು ಬೀಳುತ್ತಿತ್ತು. ಎರಡು ತಿಂಗಳು ತಲೆ ಕೆಡಿಸಿಕೊಂಡು ಅದು ತಾನಾಗಿಯೇ ನಡೆಯುವಂತೆ ಮಾಡಿದವಳು ಸುವರ್ಣಾ. ಸೈಟಿಗೆ ಹೊಸ ಕೋಡ್ ಬರೆದರೆ ಕಂಪ್ಯೂಟರೇ ಪರೀಕ್ಷೆ ಮಾಡುತ್ತದೆ. ಎಲ್ಲ ಸರಿಯಿದ್ದು ಹಸಿರು ಗುರುತು ಬಂದರೆ ಸೈಟಿಗೆ ಏರಿಸುತ್ತದೆ, ಒಂದು ಕೆಂಪಾದರೂ ನಿಲ್ಲಿಸುತ್ತದೆ. ಅವಳೂ ಸೇರಿ ಗುತ್ತಿಗೆಯ ಮೇಲಿದ್ದ ಐದು ಜನಕ್ಕೂ ಕಂಪನಿ ಕೊಟ್ಟಿದ್ದು ಒಂದೇ ಲಾಗಿನ್. ಅದು ಅವಳ ಹೆಸರಿನಲ್ಲಿತ್ತು.

ನಿನ್ನೆ ಪರೀಕ್ಷೆ ಕೆಂಪಾಯಿತು. ಹೊಸ ಪುಟದಲ್ಲಿ ಹಳೆಯ ಬುಕಿಂಗ್‌ಗಳು ಕಾಣುತ್ತಿರಲಿಲ್ಲ.

"ಗಡುವು ಮೀರ್ತಿದೆ, ಪರೀಕ್ಷೆ ತೆಗೆದು ಏರಿಸಿ," ಎಂದಿದ್ದ ಮೈಸೂರು ಕಡೆಯ ಮ್ಯಾನೇಜರ್ ಅರವಿಂದ್.

"ಬ್ಯಾಡ್ರಿ ಸರ್. ರೋಗಿಗಳ ಹೆಸರು ಹಾರಿ ಹೋಗ್ತಾವ."

ಅವಳು ಬಸ್ಸಿಗೆ ಹೊರಟ ಮೇಲೆ ಅವನೇ ಅವಳ ಕುರ್ಚಿಯಲ್ಲಿ ಕೂತು, ಅದೇ ಲಾಗಿನ್‌ನಲ್ಲಿ ಪರೀಕ್ಷೆ ತೆಗೆದು ಏರಿಸಿಬಿಟ್ಟ. ಬೆಳಿಗ್ಗೆ ಸುವರ್ಣಾ ಬಂದು ಹಳೆಯ ಪುಟ ಮರಳಿ ಹಾಕುವಷ್ಟರಲ್ಲಿ ನಲವತ್ತು ರೋಗಿಗಳ ಸರದಿ ಬೇರೆಯವರ ಪಾಲಾಗಿತ್ತು.

ಸುವರ್ಣಾ ಆಸ್ಪತ್ರೆಯವರನ್ನು ಒತ್ತಾಯಿಸಿ ಸುಂದರಾಬಾಯಿಗೆ ಸಂಜೆಯ ಸರದಿ ಬರೆಸಿದಳು. ಮೂರು ಗಂಟೆಗೆ ಅರವಿಂದ್ ಅವಳನ್ನು ತನ್ನ ಕೋಣೆಗೆ ಕರೆದು ಒಂದು ಕಾಗದ ಮುಂದಿಟ್ಟ. 'ನನ್ನ ಅಜಾಗರೂಕತೆಯಿಂದ' ಎಂದು ಶುರುವಾಗಿತ್ತು.

"ನಮ್ಮ ಕನ್ನಡದವರು ಅಂತ ಹೇಳ್ತಿದೀನಿ, ಸಹಿ ಹಾಕಿ. ದಾಖಲೆಯಲ್ಲಿ ಇರೋದು ನಿಮ್ಮ ಹೆಸರೇ."

"ಹೆಸರು ನಂದು, ಕೈ ನಿಮ್ದು."

"ಸಾಕ್ಷಿ ಇದೆಯಾ?"

ಸುವರ್ಣಾ ಕಾಗದವನ್ನು ಹಿಂದಕ್ಕೆ ತಳ್ಳಿದಳು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು? ಅರವಿಂದ್ ಅವಳನ್ನು ಅಲ್ಲೇ ನಿಲ್ಲಿಸಿ, ಹೊರಗೆ ಅವಳ ಪಕ್ಕದ ಕುರ್ಚಿಯಲ್ಲಿ ಕೂರುವ ತನ್ವಿಯನ್ನು ಕೂಗಿ ಕರೆದ. "ಇನ್ನು ಈ ಕೆಲಸ ನಿಮ್ದು. ಐದರೊಳಗೆ ಹೊಸ ಪುಟ ಮತ್ತೆ ಹೋಗಬೇಕು. ಪರೀಕ್ಷೆ ಬೇಡ."

ತನ್ವಿ ಸುವರ್ಣಾಳನ್ನೊಮ್ಮೆ ನೋಡಿದಳು. ಆಮೇಲೆ ಮೇಜಿನ ಮೇಲಿನ ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಬರೆಯತೊಡಗಿದಳು.

"ಏನು ಬರೀತಿದೀರಿ?"

"ನಿನ್ನಿ ನಾ ನೋಡಿದ್ದು ಸರ್. ಅಕ್ಕ ಆಗಲೇ ಹೋಗಿದ್ಳು. ಒತ್ತಿದವ್ರು ನೀವು."

ಬಾಗಿಲಲ್ಲಿ ಗುತ್ತಿಗೆಯ ಉಳಿದ ಮೂವರು ಬಂದು ನಿಂತಿದ್ದರು. ಅವರಲ್ಲಿ ನಿತಿನ ಮುಂದೆ ಬಂದು, ತನ್ವಿಯ ಸಹಿಯ ಕೆಳಗೆ ತನ್ನದೂ ಹಾಕಿದ. ಉಳಿದಿಬ್ಬರೂ ಹಾಕಿದರು.

"ಐದೂ ಜನರ ಕೆಲಸ, ಆಫೀಸ್ ಕಾರ್ಡು ಈಗಲೇ ರದ್ದಾಗುತ್ತೆ, ನೆನಪಿರಲಿ!"

"ಮಾಡಸ್ರಿ," ಎಂದಳು ಸುವರ್ಣಾ. ಕಾಗದವನ್ನು ಕೈಗೆತ್ತಿಕೊಂಡು ಮಡಚಿದಳು. "ಈ ಕಾಗದ ದವಾಖಾನಿಗೆ ನಾವಽ ಮುಟ್ಟಸ್ತೀವಿ."

"ಹಾಗಾದ್ರೆ ಪುಟ ಯಾರು ಏರಿಸೋದು?"

"ನೀವಽ ಏರಸ್ರಿ ಸರ್. ಈ ಸಲ ನಿಮ್ಮ ಹೆಸರ್ಲೆ."